ಎಣ್ಣೆ ಬಿದ್ದದ್ದು ಕೆಳಗೆ, ಕಾಯಿಲೆ ಇದ್ದದ್ದು ಮೇಲೆ

ಕಾರಿನ ಕೆಳಗೆ ಎಣ್ಣೆ ಬಿದ್ದಿದ್ದರೆ ಎಲ್ಲರೂ ಬಗ್ಗಿ ನೋಡುವುದು ಕಾರಿನ ಕೆಳಗೇ. ನಮ್ಮ ಕಾರಿನ ವಿಷಯದಲ್ಲೂ ಒಂಬತ್ತು ತಿಂಗಳು ಹಾಗೇ ಆಯ್ತು. ತುಮಕೂರಿನಲ್ಲಿ ಒಬ್ಬರು ಬಗ್ಗಿ ನೋಡಿದರು, ಕುಣಿಗಲ್‌ನಲ್ಲಿ ಇನ್ನೊಬ್ಬರು ಬಗ್ಗಿ ನೋಡಿದರು. ಬಗ್ಗಿದವರೆಲ್ಲ ಒಂದೊಂದು ಕಾಯಿಲೆಯ ಹೆಸರು ಹೇಳಿದರು. ಗುಬ್ಬಿಯ ಹಿರಿಯರೊಬ್ಬರು ಮಾತ್ರ ಬಗ್ಗಲೇ ಇಲ್ಲ, ಸುಮ್ಮನೆ ಬಾನೆಟ್ ಎತ್ತಿಸಿದರು.

ನಮ್ಮದು ಹದಿನೈದು ವರ್ಷ ದಾಟಿದ ಪುಟ್ಟ ಪೆಟ್ರೋಲ್ ಕಾರು, ಅದೂ ಸೆಕೆಂಡ್ ಹ್ಯಾಂಡ್. ಮೊದಲಿನ ಯಜಮಾನರು ನಿವೃತ್ತರು. ಮಾರ್ಕೆಟ್ಟು, ಬ್ಯಾಂಕು, ಅಪರೂಪಕ್ಕೆ ಕ್ಯಾತ್ಸಂದ್ರದ ತನಕ ಹೋಗಿ ಸಿದ್ಧಗಂಗೆ ನೋಡ್ಕೊಂಡು ಬರೋದು, ಇಷ್ಟೇ ಅದರ ಓಡಾಟ. ನಮ್ಮ ಮನೆಗೆ ಬಂದ ಮೇಲೆ ಅದಕ್ಕೆ ಕೆಲಸ ಜಾಸ್ತಿಯಾಯ್ತು. ನಾನು ತುಮಕೂರಿನಿಂದ ಹೆಬ್ಬೂರು ಮೇಲೆ ಕುಣಿಗಲ್‌ಗೆ ಕೆಲಸಕ್ಕೆ ಹೋಗ್ತೀನಿ. ತಿಂಗಳಿಗೆರಡು ಸಲ ಗುಬ್ಬಿಯಿಂದ ಅಪ್ಪನನ್ನು ತುಮಕೂರಿನ ಆಸ್ಪತ್ರೆಗೆ ಕರ್ಕೊಂಡು ಬರೋದೂ ಇದೇ ಕಾರಲ್ಲಿ. ಅವರಿಗೆ ಬಸ್ಸಿನ ಮೆಟ್ಟಿಲು ಹತ್ತೋಕಾಗಲ್ಲ. ಹಾಗಾಗಿ 'ಹಳೇ ಕಾರು, ಮಾರಿಬಿಡು' ಅಂತ ಯಾರಾದರೂ ಅಂದರೆ ನನಗೆ ಸಿಟ್ಟೇ ಬರ್ತಿತ್ತು. ಅದನ್ನು ಮಾರಿದ ದುಡ್ಡಿಗೆ ಎಂಥ ಕಾರು ಬರುತ್ತೆ ಅಂತ ಹೇಳಿದವರು ಒಬ್ಬರೂ ಇಲ್ಲ.

ಸೋರಿಕೆ ಮೊದಲು ಕಂಡದ್ದು ಮನೆ ಓನರ್ ಆಂಟಿಗೆ. ಗೇಟಿನ ಒಳಗೆ ಅವರು ರಂಗೋಲಿ ಹಾಕುವ ಜಾಗದಲ್ಲೇ ದಿನಾ ಬೆಳಿಗ್ಗೆ ರೂಪಾಯಿ ಅಗಲದ ಕಪ್ಪು ಚುಕ್ಕೆ. "ಚುಕ್ಕಿ ಇಡೋ ಕೆಲಸ ನಿಮ್ ಕಾರೇ ಮಾಡ್ತೈತಲ್ಲ ಬಿಡಮ್ಮ" ಅಂದರು. ನಗುತ್ತಲೇ ಅಂದರು, ಆದರೆ ನಗು ಎಷ್ಟು ದಿನ ಇರುತ್ತೆ? ಮರದ ಹೊಟ್ಟು ಉದುರಿಸಿ, ಮೇಲೆ ಸೋಪಿನ ಪುಡಿ ಹಾಕಿ ಉಜ್ಜೋದು ನನ್ನ ಭಾನುವಾರದ ಕೆಲಸವಾಯ್ತು. (ಹೊಟ್ಟು ರಾತ್ರಿಯೆಲ್ಲ ಎಣ್ಣೆ ಹೀರ್ಕೊಂಡ ಮೇಲೆ ಉಜ್ಜಬೇಕು. ಮೊದಲೇ ನೀರು ಹಾಕಿದರೆ ಕಲೆ ಹರಡುತ್ತೆ ಅಷ್ಟೇ.)

ಕಲೆಗಿಂತ ನನಗೆ ಭಯ ಇದ್ದದ್ದು ರಸ್ತೆಯದು. ಎಂಜಿನ್ನಿಗೆ ಹಿಡಿಯೋದೇ ಮೂರು ಲೀಟರ್ ಆಸುಪಾಸು ಆಯಿಲ್. ಅದರಲ್ಲಿ ಹದಿನೈದು ದಿನಕ್ಕೆ ಅರ್ಧ ಲೀಟರ್ ಮಾಯ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಇದೆಯಲ್ಲ ಅಂತ ಕೆಲವರು ಧೈರ್ಯ ಹೇಳಿದರು. ಆ ದೀಪ ತೋರಿಸೋದು ಆಯಿಲ್ ಎಷ್ಟಿದೆ ಅಂತಲ್ಲ, ಅದರ ಒತ್ತಡ ಬಿದ್ದುಹೋಗಿದೆ ಅಂತ. ಅದು ಹತ್ತಿಕೊಳ್ಳೋ ಹೊತ್ತಿಗೆ ಒಳಗೆ ಲೋಹಕ್ಕೆ ಲೋಹ ಉಜ್ಜೋಕೆ ಶುರುವಾಗಿರುತ್ತೆ. ಅದಕ್ಕೇ ನಾನು ದೀಪವನ್ನು ನಂಬದೆ ವಾರಕ್ಕೊಮ್ಮೆ, ಸಮತಟ್ಟು ಜಾಗದಲ್ಲಿ, ಎಂಜಿನ್ ತಣ್ಣಗಿದ್ದಾಗ ಕಡ್ಡಿ ಎಳೆದು ನೋಡುತ್ತಿದ್ದೆ. ಡಿಕ್ಕಿಯಲ್ಲಿ ಒಂದು ಲೀಟರ್ ಡಬ್ಬಿ ಯಾವಾಗಲೂ ಇರುತ್ತಿತ್ತು.

ತುಮಕೂರಿನ ಗ್ಯಾರೇಜಿನಲ್ಲಿ ಮೊದಲು ಚೇಂಬರ್ ಪ್ಯಾಕಿಂಗ್ ಬದಲಾಯಿಸಿದರು. 1,400 ರೂಪಾಯಿ. ನಾಲ್ಕು ದಿನ ನೆಲ ಒಣಗಿತ್ತು, ಐದನೇ ದಿನ ಚುಕ್ಕೆ ವಾಪಸ್. ಕುಣಿಗಲ್‌ನಲ್ಲಿ ನೋಡಿದವರು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದಿಯಿಂದ ತೊಟ್ಟಿಕ್ಕುತ್ತಿರೋದನ್ನ ತೋರಿಸಿ, "ಹಿಂದಿನ ಕ್ರ್ಯಾಂಕ್ ಸೀಲ್ ಹೋಗೈತೆ ಮೇಡಂ, ಗೇರ್‌ಬಾಕ್ಸ್ ಇಳಿಸ್ಬೇಕು" ಅಂದರು. ಅದಕ್ಕೆ ಆರು ಸಾವಿರ. ಮತ್ತೊಬ್ಬರು ಇನ್ನೂ ಮುಂದೆ ಹೋಗಿ, ರಿಂಗ್ ಸವೆದಿದೆ, ಎಂಜಿನ್ನೇ ಇಳಿಸಿ ಬಿಚ್ಚಬೇಕು ಅಂತ 28 ಸಾವಿರದ ಲೆಕ್ಕ ಬರೆದುಕೊಟ್ಟರು. ಅದೇ ಹೊತ್ತಿಗೆ ಕಾರಿನ ಆರ್‌ಸಿ ನವೀಕರಣವೂ ಬಂದು ಕೂತಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಎಲ್ಲ ಕೂಡಿಸಿದರೆ ಕಾರಿನ ಬೆಲೆಗೇ ಹತ್ತಿರ.

ಗುಬ್ಬಿಯ ಹಿರಿಯರ ಹತ್ತಿರ ಕಳಿಸಿದ್ದು ಅಪ್ಪ. ಅವರು ಕಾರು ರಿಪೇರಿಯವರೇ ಅಲ್ಲ. ತೆಂಗಿನ ತೋಟಗಳಲ್ಲಿ ಬಾವಿಗೆ ಡೀಸೆಲ್ ಪಂಪ್‌ಸೆಟ್ ಇಟ್ಟಿದ್ದ ಕಾಲದಲ್ಲಿ ಆ ಎಂಜಿನ್‌ಗಳನ್ನು ಬಿಚ್ಚಿ ಕಟ್ಟಿದವರು. ಈಗ ಬೋರ್‌ವೆಲ್ಲಿಗೆ ಕರೆಂಟ್ ಮೋಟಾರು, ಅವರ ಅಂಗಡಿಯಲ್ಲಿ ಪವರ್ ಟಿಲ್ಲರು, ಔಷಧಿ ಹೊಡೆಯೋ ಮಷೀನು. ಅಪ್ಪನ ಮಾತು ಇಷ್ಟೇ: "ಎಂಜಿನ್ ಅಂದ್ರೆ ಎಂಜಿನ್ನೇ ಕಣವ್ವ. ಒಂದ್ಸಲ ತೋರ್ಸು."

ಅವರು ಮೊದಲು ಹೇಳಿದ್ದು ತೊಳೀರಿ ಅಂತ. ಕೊಳಕು ಮೆತ್ತಿಕೊಂಡಿರೋ ಎಂಜಿನ್ನಲ್ಲಿ ಹೊಸ ಎಣ್ಣೆ ಯಾವುದು, ಹಳೇ ಜಿಡ್ಡು ಯಾವುದು ಅಂತ ದೇವರಿಗೂ ಗೊತ್ತಾಗಲ್ಲವಂತೆ. ಅಲ್ಲಿಯತನಕ ನೋಡಿದವರು ಯಾರೂ ಈ ಕೆಲಸ ಮಾಡಿರಲಿಲ್ಲ. ವೈರಿಂಗ್ ಕಡೆಗೆಲ್ಲ ಪ್ಲಾಸ್ಟಿಕ್ ಕವರ್ ಸುತ್ತಿ, ಡೀಸೆಲ್ಲಿನಲ್ಲಿ ಬ್ರಷ್ ಅದ್ದಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಗಾಳಿ ಹೊಡೆದು ಪೂರ್ತಿ ಒಣಗಿಸಿದರು. ಆಮೇಲೆ ಒಳಗಿಂದ ಮೊಮ್ಮಗುವಿನ ಪೌಡರ್ ಡಬ್ಬ ತರಿಸಿ ಎಂಜಿನ್ ಮೇಲೆಲ್ಲ ಉದುರಿಸಿದರು. ಅಪ್ಪನಿಗೆ ನಗು ತಡೆಯೋಕಾಗಲಿಲ್ಲ. ನಿಟ್ಟೂರಿನ ಕಡೆ ಐದಾರು ಕಿಲೋಮೀಟರ್ ಹೋಗಿಬಂದು ಬಾನೆಟ್ ಎತ್ತಿದೆವು. ಬಿಳೀ ಪೌಡರ್ ಮೇಲೆ ಹಸಿ ಗೆರೆಯೊಂದು ಸ್ಪಷ್ಟವಾಗಿ ಇಳಿದಿತ್ತು. ಹೊರಟಿದ್ದು ತೀರಾ ಮೇಲಿಂದ, ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ. ಅಲ್ಲಿಂದ ಎಂಜಿನ್ನಿನ ಬೆನ್ನ ಮೇಲೆ ಹರಿದು, ಗೇರ್‌ಬಾಕ್ಸಿನ ಸಂದಿ ಮುಟ್ಟಿ, ಅಲ್ಲಿಂದ ನೆಲಕ್ಕೆ. ಕುಣಿಗಲ್‌ನವರು ಕಂಡ ತೊಟ್ಟು ಸುಳ್ಳಲ್ಲ, ಅದರ ಹುಟ್ಟೂರು ಬೇರೆ.

ಇಷ್ಟಾದ ಮೇಲೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಾಯಿಸಿದರೆ ಮುಗೀತಲ್ಲ ಅಂದೆ. ಅವರು ತಲೆ ಅಲ್ಲಾಡಿಸಿ, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕೋ ಮುಚ್ಚಳ ತೆಗೆದು, ಕ್ಯಾಲೆಂಡರಿನ ಹಳೇ ಹಾಳೆ ಹರಿದು ಆ ಬಾಯಿ ಮೇಲಿಟ್ಟರು. ಕಾಗದ ಪಟಪಟ ಅಂತ ಮೇಲಕ್ಕೆ ಹಾರಿತು.

"ನೋಡ್ದೇನವ್ವಾ? ಇದಕ್ಕೆ ಉಸ್ರು ಕಟ್ಟೈತೆ. ಪ್ಯಾಕಿಂಗ್ ಇವತ್ತು ಹಾಕುದ್ರೆ ನಾಳೆ ಇನ್ನೊಂದು ಕಡೆ ಕಿತ್ಕೊಂಡ್ ಬತ್ತದೆ."

ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಉರಿದ ಅನಿಲ ಸ್ವಲ್ಪ ಪಿಸ್ಟನ್ ರಿಂಗುಗಳ ಪಕ್ಕದಿಂದ ನುಸುಳಿ ಕೆಳಗಿನ ಆಯಿಲ್ ಚೇಂಬರಿಗೆ ಬರುತ್ತೆ. ಅದು ಹೊರಗೆ ಹೋಗೋಕೆ ದಾರಿ ಬೇಕು. ಮೊದಲೆಲ್ಲ ಒಂದು ಕೊಳವೆಯಲ್ಲಿ ಸೀದಾ ಗಾಳಿಗೆ ಬಿಡುತ್ತಿದ್ದರು. 1960ರ ದಶಕದ ಶುರುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆಮಾಲಿನ್ಯ ತಡೆಯೋಕೆ ಅದನ್ನು ಮತ್ತೆ ಎಂಜಿನ್ನಿಗೇ ಎಳೆದುಕೊಂಡು ಸುಡುವ ಏರ್ಪಾಡು ಮಾಡಿಸಿದರು. ಅದಕ್ಕಿರೋದು ಹೆಬ್ಬೆರಳಿನಷ್ಟು ಪಿಸಿವಿ ವಾಲ್ವ್, ಜೊತೆಗೊಂದು ರಬ್ಬರ್ ಪೈಪು. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ಪ್ಯಾಕಿಂಗ್ ಬಡವಾಗಿದೆಯೋ ಅಲ್ಲಿ ಎಣ್ಣೆಯನ್ನು ದೂಡುತ್ತೆ. ಪಂಪ್‌ಸೆಟ್‌ಗಳಲ್ಲೂ ಬ್ರೀದರ್ ಕಟ್ಟಿ ಸೀಲ್ ಒಡೆಯೋದನ್ನ ಅವರು ಎಷ್ಟೋ ಸಲ ನೋಡಿದ್ದರು.

ವಾಲ್ವ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗಿನ ಗುಂಡು ಟಿಕ್ ಟಿಕ್ ಅನ್ನಬೇಕಿತ್ತು, ಅನ್ನಲಿಲ್ಲ. ಪೈಪಿನೊಳಗೆ ರಾಗಿ ಅಂಬಲಿ ಹಳಸಿದ ಹಾಗೆ ಕಪ್ಪು ಜಿಡ್ಡು. ಎಂಜಿನ್ ಪೂರ್ತಿ ಬಿಸಿಯಾಗದ ಚಿಕ್ಕ ಚಿಕ್ಕ ಓಡಾಟದಲ್ಲಿ ಒಳಗಿನ ನೀರಾವಿ ಆರಿಹೋಗದೆ ಆಯಿಲ್ ಜೊತೆ ಸೇರಿ ಹೀಗಾಗುತ್ತಂತೆ. ನಿವೃತ್ತರ ಮಾರ್ಕೆಟ್ ಓಡಾಟ ನೆನಪಾಯ್ತು.

ತುಮಕೂರಿನಿಂದ ಹೊಸ ವಾಲ್ವ್ ತಂದೆ, 280 ರೂಪಾಯಿ. ಟ್ಯಾಪೆಟ್ ಕವರ್ ಪ್ಯಾಕಿಂಗ್ 350. ಹಳೆಯದು ಕಾವಿಗೆ ಸೆಟೆದು, ಬಗ್ಗಿಸಿದರೆ ಮುರಿಯುವ ಹಾಗಿತ್ತು. ಎಲ್ಲ ಕೂರಿಸಿ ಮತ್ತೆ ಅದೇ ಕ್ಯಾಲೆಂಡರ್ ಹಾಳೆ ಇಟ್ಟರು. ಈ ಸಲ ಹಾಳೆ ಬಾಯಿಗೆ ಮೆಲ್ಲಗೆ ಅಂಟಿ ಕೂತಿತು, ಒಳಗಿಂದ ಯಾರೋ ಉಸಿರು ಎಳ್ಕೊಂಡ ಹಾಗೆ. ರಿಂಗ್ ನಿಜಕ್ಕೂ ಸವೆದಿದ್ದರೆ ಹೊಸ ವಾಲ್ವ್ ಹಾಕಿದರೂ ಕಾಗದ ಹಾರುತ್ತಿತ್ತು. 28 ಸಾವಿರದ ಚೀಟಿ ಅಲ್ಲೇ ಕೈ ಒರೆಸೋಕೆ ಆಯ್ತು. ಅವರ ಕೂಲಿ ಕೇಳಿದರೆ "ಮುನ್ನೂರು ಕೊಡು" ಅಂದರು. ಐನೂರು ಕೊಟ್ಟರೆ ಇನ್ನೂರು ವಾಪಸ್ ಕೊಟ್ಟರು.

ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯ್ತು. ಅಲ್ಲಿ ಎಂತೆಂಥ ಯಂತ್ರ ಇವೆಯೋ. ನಮ್ಮ ಕಾರಿಗೆ ಪೌಡರ್ ಡಬ್ಬ, ಒಂದು ಹಾಳೆ ಕಾಗದ ಸಾಕಾಯ್ತು.

ಆರ್‌ಸಿ ನವೀಕರಣಕ್ಕೆ ಕಟ್ಟಿದ್ದೂ ಆಯ್ತು. ಆರು ತಿಂಗಳಲ್ಲಿ ಮೇಲಿಂದ ಆಯಿಲ್ ಸುರಿದಿಲ್ಲ, ಕಡ್ಡಿ ಎಳೆಯೋದು ಮಾತ್ರ ಬಿಟ್ಟಿಲ್ಲ. ಹೋದ ವಾರ ಕಾರಿನ ಕೆಳಗೆ ಹಾಸಿದ ಪೇಪರಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಲೆ ಕಂಡಿತು. ಈ ಸಲ ಅದು ನಿಜವಾಗಿಯೂ ಕೆಳಗಿನದೇ, ಡ್ರೈನ್ ಬೋಲ್ಟಿನ ವಾಷರ್. ಮುಂದಿನ ಸಲ ಆಯಿಲ್ ಬದಲಾಯಿಸುವಾಗ ಹೊಸದು ಹಾಕಿಸಬೇಕು.