ಎರಡನೆಯ ಮಾತು

ಕಳೆದ ತಿಂಗಳು ನನ್ನ ಮೊಮ್ಮಗನು ಶಾಲೆಯಿಂದ ಬಂದವನೇ ಚೀಲವನ್ನು ಜಗುಲಿಯ ಮೇಲೆ ಎಸೆದು, "ತಾತ, ನಮ್ಮ ದೇಶದ ಎರಡನೆಯ ಭಾಷೆ ಯಾವುದು?" ಎಂದು ಕೇಳಿದನು. ಮೂವತ್ತೈದು ವರ್ಷ ಮಕ್ಕಳಿಗೆ ಸಂಸ್ಕೃತ ಕನ್ನಡಗಳನ್ನು ಕಲಿಸಿ ನಿವೃತ್ತನಾದ ನನಗೆ ಇಷ್ಟು ಸಣ್ಣ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯದೆ ಹೋದುದು ನಾಚಿಕೆಯ ಸಂಗತಿಯೇ ಸರಿ. ಸ್ವಲ್ಪ ಯೋಚಿಸಿ "ಬಂಗಾಳಿ" ಎಂದೆನು. ಒಳಗಿನಿಂದ ಸೊಸೆಯು "ಇಂಗ್ಲಿಷ್ ಅಲ್ಲವೆ, ಮಾವ?" ಎಂದಳು. ಹೂಬತ್ತಿ ಹೊಸೆಯುತ್ತಿದ್ದ ನನ್ನ ಹೆಂಡತಿಯು ತಲೆಯೆತ್ತದೆಯೇ, "ಅವನ ಶಾಲೆಯಲ್ಲಿ ಎರಡನೆಯ ಭಾಷೆ ಕನ್ನಡವಲ್ಲವೇನು?" ಎಂದಳು.

ವಿಚಾರಿಸಿ ನೋಡಿದರೆ ಮೂರು ಉತ್ತರಗಳೂ ಸರಿಯೇ. ತಾಯ್ನುಡಿಯೆಂದು ಬರೆಸಿದವರ ಲೆಕ್ಕವನ್ನು ಹಿಡಿದರೆ, ೨೦೧೧ರ ಜನಗಣತಿಯಲ್ಲಿ ಹಿಂದಿಯವರು ಸುಮಾರು ೫೨.೮ ಕೋಟಿ, ಬಂಗಾಳಿಯವರು ೯.೭ ಕೋಟಿ. ಇಂಗ್ಲಿಷನ್ನು ತಾಯ್ನುಡಿಯೆಂದವರು ಇಡೀ ದೇಶದಲ್ಲಿ ಎರಡೂವರೆ ಲಕ್ಷದ ಮೇಲೆ ಸ್ವಲ್ಪ. ಆದರೆ ತಾಯ್ನುಡಿಯ ತರುವಾಯ ತಮಗೆ ಬರುವ ಭಾಷೆ ಅದೆಂದು ಹೇಳಿದವರು ೮ ಕೋಟಿಗೂ ಹೆಚ್ಚು. ಹಿಂದಿಯ ಆ ದೊಡ್ಡ ಮೊತ್ತದಲ್ಲಿಯೂ ಒಂದು ಸೂಕ್ಷ್ಮವಿದೆ. ಭೋಜಪುರಿಯೆಂದು ಬರೆಸಿದ ೫ ಕೋಟಿ ಜನರೂ, ರಾಜಸ್ಥಾನಿಯೆಂದು ಬರೆಸಿದ ಎರಡೂವರೆ ಕೋಟಿ ಜನರೂ ಅದರೊಳಗೇ ಸೇರಿದ್ದಾರೆ. ಉಪನದಿಗಳ ಹೆಸರು ಸಂಗಮದಲ್ಲಿ ಮುಗಿಯುತ್ತದೆಯಲ್ಲವೆ? ನಮ್ಮ ಕರ್ಣಾಟಕದಲ್ಲಾದರೋ ಕನ್ನಡದವರು ನೂರಕ್ಕೆ ಅರವತ್ತಾರು ಚಿಲ್ಲರೆ, ಎರಡನೆಯದು ಉರ್ದು, ನೂರಕ್ಕೆ ಹತ್ತು ಹನ್ನೊಂದು, ಮೂರನೆಯದು ತೆಲುಗು. ಈ ಮೂರನೆಯದರ ಮಾತು ಆಮೇಲೆ ಬರುತ್ತದೆ.

ಶಾಲೆಯ ಎಣಿಕೆಯೇ ಬೇರೆ. ನಾನು ಕಲಿಸುತ್ತಿದ್ದ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮಭಾಷೆಯಾಗಿ ಆರಿಸಿಕೊಂಡ ಮಕ್ಕಳಿಗೆ ಅದಕ್ಕೆ ೧೨೫ ಅಂಕ, ಉಳಿದ ಭಾಷೆಗಳಿಗೆ ನೂರು ನೂರು. ೨೦೧೧ರಲ್ಲಿ ದೇಶದಲ್ಲೆಲ್ಲ ಸಂಸ್ಕೃತವನ್ನು ತಾಯ್ನುಡಿಯೆಂದು ಬರೆಸಿದವರು ೨೪,೮೨೧ ಜನ! ಮನೆಯಲ್ಲಿ ಯಾರೂ ಆಡದ ಭಾಷೆಗೆ ಮೊದಲ ಮಣೆ, ಬೀದಿಯಲ್ಲಿ ಎಲ್ಲರೂ ಆಡುವ ಭಾಷೆಗೆ ಎರಡನೆಯ ಮಣೆ. ೧೯೮೨ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ನಾಡೆಲ್ಲ ಎದ್ದಾಗ, ಹದಿನೇಳು ವರ್ಷದ ಹುಡುಗನಾಗಿದ್ದ ನಾನೂ ಮೆರವಣಿಗೆಯಲ್ಲಿ ಕೂಗಿದವನು. ಮುಂದೆ ಅದೇ ೧೨೫ ಅಂಕಗಳ ಆಸೆಯಿಂದ ಬಂದು ಕುಳಿತ ಮಕ್ಕಳೇ ನನ್ನ ಅನ್ನಕ್ಕೆ ದಾರಿಯಾದರು. ಇದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ.

ವ್ಯಾಕರಣದಲ್ಲಿ ಪ್ರಥಮಾ ವಿಭಕ್ತಿಯು ಕರ್ತೃವಿಗೆ, ದ್ವಿತೀಯೆಯು ಕರ್ಮಕ್ಕೆ ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆನಷ್ಟೆ. ದೇಶಗಳ ಚರಿತ್ರೆಯನ್ನು ಓದುವಾಗಲೂ ಈ ಪಾಠವೇ ನೆನಪಿಗೆ ಬರುತ್ತದೆ. ಮೊದಲನೆಯ ಭಾಷೆ ಮಾಡುತ್ತದೆ, ಎರಡನೆಯದು ಮಾಡಿಸಿಕೊಳ್ಳುತ್ತದೆ. ಸಿಂಹಳದಲ್ಲಿ ೧೯೫೬ನೆಯ ಇಸವಿಯ ಶಾಸನವು ಸಿಂಹಳಭಾಷೆಯೊಂದನ್ನೇ ಅಧಿಕೃತವೆಂದು ಸಾರಿತು; ಎರಡನೆಯದಾದ ತಮಿಳಿಗೆ ಆ ಸ್ಥಾನ ದೊರೆತುದು ೧೯೮೭ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಯುದ್ಧವು ಮೊದಲಾಗಿ ನಾಲ್ಕು ವರ್ಷವಾಗಿತ್ತು, ಮುಗಿಯಲು ೨೦೦೯ ಬರಬೇಕಾಯಿತು. ಪಾಕಿಸ್ತಾನದಲ್ಲಿ ನಡೆದುದು ಇನ್ನೂ ವಿಚಿತ್ರ. ಆಗಿನ ಎರಡು ಭಾಗಗಳನ್ನೂ ಸೇರಿಸಿ ಎಣಿಸಿದರೆ ಅರ್ಧಕ್ಕಿಂತ ಹೆಚ್ಚು ಜನರ ಭಾಷೆ ಬಂಗಾಳಿ. ಎಣಿಕೆಯಲ್ಲಿ ಮೊದಲನೆಯದನ್ನು ಪದವಿಯಲ್ಲಿ ಎರಡನೆಯದಾಗಿಯೂ ಇಡಲೊಲ್ಲದೆ ಉರ್ದುವೊಂದೇ ಸಾಕೆಂದರು. ೧೯೫೨ರ ಫೆಬ್ರವರಿ ೨೧ರಂದು ಢಾಕಾದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ೧೯೫೬ರ ಸಂವಿಧಾನದಲ್ಲಿ ಬಂಗಾಳಿಗೂ ಎಡೆ ಸಿಕ್ಕಿತಾದರೂ ಬಿದ್ದ ಬಿರುಕು ಕೂಡಲಿಲ್ಲ. ೧೯೭೧ರಲ್ಲಿ ದೇಶವೇ ಎರಡಾಯಿತು. ಈಗ ಉಳಿದ ಪಾಕಿಸ್ತಾನದಲ್ಲಿ ತಾಯ್ನುಡಿಯಾಗಿ ಪಂಜಾಬಿ ಮೊದಲು, ಪಷ್ತೋ ಎರಡನೆಯದು. ರಾಷ್ಟ್ರಭಾಷೆಯಾದ ಉರ್ದು ಇವೆರಡಕ್ಕೂ ಎಷ್ಟೋ ಹಿಂದೆ.

ಕೆನಡಾದ ಫ್ರೆಂಚು, ಅಮೆರಿಕದ ಸ್ಪ್ಯಾನಿಷು, ದಕ್ಷಿಣ ಆಫ್ರಿಕದ ಖೋಸಾ ಎಂದು ಹೇಳುತ್ತಾ ಹೋಗಬಹುದು. ಆದರೆ ನನ್ನ ಮನಸ್ಸಿನಲ್ಲಿ ನಿಂತುದು ಫಿನ್ಲೆಂಡಿನ ಸಂಗತಿ. ಅದನ್ನು ನನಗೆ ಮೊದಲು ಹೇಳಿದವನು ಅಲ್ಲಿ ಇಂಜಿನಿಯರನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನು. ಹಿಂದಿನ ಬೇಸಿಗೆಯಲ್ಲಿ ಊರಿಗೆ ಬಂದಿದ್ದಾಗ ನಮ್ಮ ಮನೆಗೂ ಬಂದನು.

ಫಿನ್ಲೆಂಡು ೧೮೦೯ರವರೆಗೆ ಸ್ವೀಡನ್ ರಾಜ್ಯದ ಭಾಗವಾಗಿದ್ದು, ಅಲ್ಲಿಂದ ೧೯೧೭ರವರೆಗೆ ರಷ್ಯದ ಚಕ್ರವರ್ತಿಗಳ ಕೈಯಲ್ಲಿತ್ತು. ಆಳುವವರು ಬದಲಾದರೂ ಕಚೇರಿಯ ಭಾಷೆ, ವಿದ್ಯಾವಂತರ ಭಾಷೆ ಸ್ವೀಡಿಷ್ ಆಗಿಯೇ ಉಳಿಯಿತು. ಜನಸಾಮಾನ್ಯರ ಭಾಷೆ ಫಿನ್ನಿಷ್. ೧೮೬೩ರಲ್ಲಿ ಚಕ್ರವರ್ತಿಯು, ಇಪ್ಪತ್ತು ವರ್ಷಗಳೊಳಗೆ ಕಚೇರಿಗಳಲ್ಲಿ ಫಿನ್ನಿಷಿಗೂ ಸಮಾನ ಸ್ಥಾನ ದೊರೆಯಬೇಕೆಂದು ಆಜ್ಞೆ ಮಾಡಿದನು. ಅದಕ್ಕಾಗಿ ಬಹಳವಾಗಿ ಹೋರಾಡಿದ ಸ್ನೆಲ್ಮನ್ ಎಂಬ ವಿದ್ವಾಂಸನ ಮನೆಮಾತು ಸ್ವೀಡಿಷ್! ತನ್ನ ಭಾಷೆಯನ್ನು ಮೊದಲ ಮಣೆಯಿಂದ ಎಬ್ಬಿಸಲು ತಾನೇ ದುಡಿದವನು. ಆ ದೇಶದ ರಾಷ್ಟ್ರಗೀತೆಯೂ ಮೊದಲು ಹುಟ್ಟಿದುದು ರೂನೆಬರ್ಗ್ ಕವಿಯ ಸ್ವೀಡಿಷ್ ಪದ್ಯವಾಗಿ. ಹೆಚ್ಚಿನ ಜನ ಈಗ ಹಾಡುವುದು ಅದರ ಅನುವಾದವನ್ನು. ಮಕ್ಕಳು ಲೋಕದಲ್ಲೆಲ್ಲ ಓದುವ ಮೂಮಿನ್ ಕಥೆಗಳನ್ನು ತೂವೆ ಯಾನ್ಸನ್ ಬರೆದುದೂ ಸ್ವೀಡಿಷಿನಲ್ಲಿಯೇ.

ಇಂದು ಅಲ್ಲಿ ಸ್ವೀಡಿಷಿನವರು ನೂರಕ್ಕೆ ಐವರು ಮಾತ್ರ. ಆದರೂ ೧೯೧೯ರ ಸಂವಿಧಾನವು ಎರಡನ್ನೂ ರಾಷ್ಟ್ರಭಾಷೆಗಳೆಂದಿತು, ಇಂದಿಗೂ ಹಾಗೆಯೇ ಇದೆ. ಒಂದು ಊರಿನಲ್ಲಿ ಕಡಮೆಯವರ ಭಾಷೆಯನ್ನಾಡುವವರು ನೂರಕ್ಕೆ ಎಂಟರಷ್ಟು, ಅಥವಾ ಒಟ್ಟು ೩,೦೦೦ ಜನರಿದ್ದರೆ ಆ ಊರು ದ್ವಿಭಾಷೆಯದಾಗುತ್ತದೆ. ರಸ್ತೆಯ ಫಲಕದ ಮೇಲೆ ಹೆಚ್ಚಿನವರ ಭಾಷೆ ಮೇಲೆ, ಕಡಮೆಯವರದು ಕೆಳಗೆ. ಹೀಗೆ ರಾಜಧಾನಿಯಲ್ಲಿ ಹೆಲ್ಸಿಂಕಿಯ ಕೆಳಗೆ ಹೆಲ್ಸಿಂಗ್ಫೋರ್ಸ್ ಎಂದಿದ್ದರೆ, ಪಶ್ಚಿಮ ಕರಾವಳಿಯ ಕೆಲವು ಊರುಗಳಲ್ಲಿ ಸ್ವೀಡಿಷ್ ಹೆಸರೇ ಮೇಲಿರುತ್ತದೆ. ಗಾಡಿ ಓಡಿಸುತ್ತಾ ಫಲಕಗಳನ್ನು ನೋಡಿದರೆ ಯಾರ ಸೀಮೆಗೆ ಬಂದೆವೆಂಬುದು ತಿಳಿಯುತ್ತದೆಯಂತೆ. ಫಿನ್ನಿಷ್ ಮಕ್ಕಳೆಲ್ಲರೂ ಶಾಲೆಯಲ್ಲಿ ಸ್ವೀಡಿಷ್ ಕಲಿಯಲೇಬೇಕು; ಇದನ್ನು "ಬಲವಂತದ ಸ್ವೀಡಿಷ್" ಎಂದು ಗೊಣಗುವವರೂ ಉಂಟು. ಗೊಣಗುವ ಮಕ್ಕಳ ಮುಂದೆ ಆಯುಷ್ಯ ಕಳೆದ ನನಗೆ ಆ ಉಪಾಧ್ಯಾಯರ ಮೇಲೆ ಅನುಕಂಪವೇ.

ಶಿಷ್ಯನು ಇಷ್ಟನ್ನು ಹೇಳಿ, "ಗುರುಗಳೇ, ಒಂದು ತೊಡಕಿದೆ" ಎಂದನು. ಅಲ್ಲಿಯ ಜನಸಂಖ್ಯೆಯ ದಫ್ತರದಲ್ಲಿ ಪ್ರತಿಯೊಬ್ಬನಿಗೂ ಒಂದೇ ತಾಯ್ನುಡಿ, ಎರಡನ್ನು ಬರೆಸುವಂತಿಲ್ಲ. ಇವನ ಮನೆಮಾತು ಕನ್ನಡ, ಹೆಂಡತಿಯದು ಮರಾಠಿ, ಮಗುವು ಅಂಗಳದಲ್ಲಿ ಆಡುವುದು ಫಿನ್ನಿಷ್. "ಏನು ಬರೆಸಿದೆಯಪ್ಪ?" ಎಂದೆನು. "ಕನ್ನಡವೆಂದು ಬರೆಸಿದೆನು. ಅವಳು ಒಂದು ವಾರ ಮಾತನಾಡಲಿಲ್ಲ" ಎಂದನು. ಅವನು ನಗುತ್ತಿದ್ದನು, ನನಗೆ ನಗು ಬರಲಿಲ್ಲ.

ಕಾರಣವನ್ನು ಹೇಳಿಬಿಡುತ್ತೇನೆ. ಉಪಾಧ್ಯಾಯನಾದವನಿಗೆ ಖಾನೇಷುಮಾರಿಯ ಕೆಲಸ ತಪ್ಪುವುದಿಲ್ಲ. ೧೯೯೧, ೨೦೦೧, ೨೦೧೧, ಈ ಮೂರು ಗಣತಿಗಳಲ್ಲಿಯೂ ನಾನು ಮನೆಮನೆ ತಿರುಗಿದವನು. ತಾಯ್ನುಡಿಯೆಂದರೆ ಎಳವೆಯಲ್ಲಿ ತಾಯಿಯು ಆ ವ್ಯಕ್ತಿಯೊಡನೆ ಆಡಿದ ಭಾಷೆ. ಹೇಳಿದುದನ್ನು ಹೇಳಿದಂತೆಯೇ ಬರೆಯತಕ್ಕದ್ದು ಎಂದು ನಿಯಮ. ಊರವರ ಮನೆಗಳಲ್ಲಿ ಅದನ್ನು ಚಾಚೂ ತಪ್ಪದೆ ನಡೆಸಿದೆನು. ೨೦೧೧ರಲ್ಲಿ ನಮ್ಮ ಬೀದಿಯೇ ನನ್ನ ಪಾಲಿಗೆ ಬಂದಿತು. ನಮ್ಮ ಮನೆಯ ಹಾಳೆಯನ್ನು ರಾತ್ರಿ ಊಟವಾದ ಮೇಲೆ, ಯಾರನ್ನೂ ಕೇಳದೆ, ನಾನೇ ತುಂಬಿದೆನು.

ನಮ್ಮದು ತೆಲುಗು ಮನೆಮಾತಿನ ಮನೆ. ಎಷ್ಟು ತಲೆಮಾರಿನಿಂದಲೋ ಮಧುಗಿರಿಯ ಕಡೆ ನೆಲಸಿದವರು. ತೆಲುಗು ಲಿಪಿಯನ್ನು ಓದಬಲ್ಲವರು ನಮ್ಮಲ್ಲಿ ಒಬ್ಬರೂ ಇಲ್ಲ. ಓದುಬರಹ, ಹಾಡುಹಸೆ, ಜಗಳ ಕೂಡ ಕನ್ನಡದಲ್ಲಿಯೇ. ತಾಯಿ ಮಾತ್ರ ನಮ್ಮೊಡನೆ ತೆಲುಗನ್ನೇ ಆಡುತ್ತಿದ್ದಳು. ನಾವು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆವು. ಅವಳ ಹೆಸರಿನ ಮುಂದೆ ನಾನು "ಕನ್ನಡ" ಎಂದು ಬರೆದೆನು. ನನ್ನ ಹೆಸರಿನ ಮುಂದೆಯೂ ಅದನ್ನೇ. ಮೆರವಣಿಗೆಯಲ್ಲಿ ನಡೆದವನು, ಕನ್ನಡದ ಮೇಷ್ಟ್ರು. ಬೇರೆ ಬರೆದರೆ ನೋಡಿದವರು ಏನೆಂದಾರು ಎಂಬುದೇ ಆಗ ಮನಸ್ಸಿನಲ್ಲಿದ್ದುದು.

ಎರಡು ದಿನಗಳ ಮೇಲೆ ಅವಳು ಅವರೆಕಾಯಿ ಬಿಡಿಸುತ್ತಾ, "ಏಮಿ ರಾಸ್ಕುಂಟಿವಿರಾ?" ಎಂದು ಕೇಳಿದಳು. ನಾನು ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಂದೂ ಇಲ್ಲದ ಹಾಗೆ ನನ್ನೊಡನೆ ಕನ್ನಡದಲ್ಲಿ, "ಪಕ್ಕದ ಮನೆಯವರನ್ನು ಕೇಳಿದೆಯಂತೆ. ನನ್ನನ್ನೂ ಒಂದು ಮಾತು ಕೇಳಬಹುದಾಗಿತ್ತು" ಎಂದಳು. ಕಾಗದಗಳನ್ನು ಆ ಬೆಳಗ್ಗೆಯೇ ಒಪ್ಪಿಸಿಬಿಟ್ಟಿದ್ದೆನು. ಐದು ವರ್ಷಗಳ ಮೇಲೆ ಅವಳು ತೀರಿಕೊಂಡಳು. ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಯಾರೂ ತೆಲುಗು ಆಡಿಲ್ಲ.

೨೦೨೧ರ ಗಣತಿಯು ಮಹಾಮಾರಿಯ ದೆಸೆಯಿಂದ ನಿಂತುಹೋಯಿತು. ಮುಂದಿನದನ್ನು ೨೦೨೭ರ ಮಾರ್ಚಿಯ ಲೆಕ್ಕಕ್ಕೆ ನಡೆಸುವುದೆಂದು ೨೦೨೫ರಲ್ಲಿ ಪ್ರಕಟವಾಯಿತು. ಆ ಸಲ ನಾನು ಬರೆಯುವವನಲ್ಲ, ಬರೆಸುವವನು. ಮೊನ್ನೆ ಮೊಮ್ಮಗನನ್ನು ಕೂರಿಸಿಕೊಂಡು ಹಳೆಯ ನೋಟುಪುಸ್ತಕವೊಂದರಲ್ಲಿ ನನ್ನ ಸಾಲನ್ನು ಬರೆಸಿ ನೋಡಿದೆನು: ತಾಯ್ನುಡಿ ತೆಲುಗು, ಬಲ್ಲ ಇತರ ಭಾಷೆಗಳು ಕನ್ನಡ, ಸಂಸ್ಕೃತ. ಕನ್ನಡವನ್ನು ಎರಡನೆಯದಾಗಿ ಬರೆಯಹೇಳುವಾಗ ನಾಲಗೆ ತಡವರಿಸಿತು. ಹುಡುಗನು ಪೆನ್ಸಿಲನ್ನು ಎತ್ತಿ ಹಿಡಿದು, "ತಾತ, ನಿನಗೆ ತೆಲುಗು ಬರುತ್ತದೆಯೆ? ಏನಾದರೂ ಹೇಳು" ಎಂದನು.

ಹೇಳಿದೆನು. ಅವನಿಗೆ ಅರ್ಥವಾಗಲಿಲ್ಲ, ಒಳಗೆ ಬತ್ತಿ ಹೊಸೆಯುತ್ತಿದ್ದ ನನ್ನ ಹೆಂಡತಿಗೆ ಅರ್ಥವಾಯಿತು. ಅತ್ತೆಯೊಡನೆ ಇಪ್ಪತ್ತೇಳು ವರ್ಷ ಬಾಳಿದವಳು ಅವಳು.