ಗುಬ್ಬಿಯ ಬಸ್ಸು

ಹೆಣ್ಣಿಗೆ ಗಂಡು ಹುಡುಕುವಾಗ ಪಡುವ ಪಾಡನ್ನೆಲ್ಲ ಈಗ ಆರು ವರ್ಷದ ಮಗುವಿಗೆ ಶಾಲೆ ಹುಡುಕುವಾಗಲೇ ಪಟ್ಟು ಮುಗಿಸುತ್ತೇವೆ. ಗುಬ್ಬಿಯಲ್ಲಿರುವ ನನ್ನ ತಂಗಿಯ ಮನೆಗೆ ಕೂಗಳತೆಯಲ್ಲೇ ಸರ್ಕಾರಿ ಶಾಲೆ. ಇನ್ನೊಂದು, ಇಪ್ಪತ್ತು ಕಿಲೋಮೀಟರು ಆಚೆ ತುಮಕೂರಿನ ಇಂಗ್ಲಿಷ್ ಶಾಲೆ. ಅದರ ಹಳದಿ ಬಸ್ಸು ಏಳೂವರೆಗೇ ಬೀದಿಯ ತಿರುವಿನಲ್ಲಿ ನಿಂತು ಹಾರನ್ ಹೊಡೆಯುತ್ತದೆ.

"ಅಣ್ಣ, ನೀನು ಕನ್ನಡದ ಮೇಷ್ಟ್ರು, ನೀನೇ ಹೇಳಿಬಿಡು" ಎಂದಳು. ಸಂಬಳವೇ ಕನ್ನಡದಿಂದ ಬರುವವನ ಸಾಕ್ಷ್ಯಕ್ಕೆ ಏನು ಬೆಲೆ!

1994ರ ಭಾಷಾನೀತಿ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಇಲ್ಲವೆ ಕನ್ನಡವೇ ಮಾಧ್ಯಮವೆಂದಿತು. 2014ರಲ್ಲಿ ಸುಪ್ರೀಂ ಕೋರ್ಟು, ಅದನ್ನು ಆರಿಸುವವರು ತಂದೆತಾಯಿಗಳು ಎಂದಿತು. 2019ರಲ್ಲಿ ಅನೇಕ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ವ್ಯಾಜ್ಯವೇನೂ ಮುಗಿಯಲಿಲ್ಲ, ನ್ಯಾಯಾಲಯದಿಂದ ಎದ್ದು ತಂಗಿಯ ಅಡುಗೆಮನೆಯಲ್ಲಿ ಬಂದು ಕೂತಿತು, ಅಷ್ಟೆ. ಅವಳ ಗಂಡನಿಗೆ ಮಗಳು ನಾಳೆ ಬೆಂಗಳೂರಿನಲ್ಲಿ ಬಾಯಿಬಿಡಲಾರದೆ ನಿಂತಾಳೆಂಬ ಭಯ. ಅದು ಸುಳ್ಳು ಭಯವಲ್ಲ. ಹಾಗೆ ನಿಂತವರನ್ನು ನಾನು ಕಾಲೇಜಿನಲ್ಲಿ ವರ್ಷ ವರ್ಷವೂ ಕಾಣುತ್ತೇನೆ.

ಎರಡೂ ಶಾಲೆ ನೋಡಿಬಂದೆವು. ಒಂದರಲ್ಲಿ ಕಂಪ್ಯೂಟರ್ ಕೋಣೆ ತೋರಿಸಿದರು, ಶುಲ್ಕದ ಚೀಟಿ ಕೊಟ್ಟರು. ಇನ್ನೊಂದರ ನಲಿ-ಕಲಿ ಕೋಣೆಯಲ್ಲಿ ಮೂರು ತರಗತಿಗಳು ಒಟ್ಟಿಗೆ ಕೂತಿದ್ದವು. ಮೇಡಮ್ಮು ಒಬ್ಬರೇ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಪುಟ್ಟವಳೊಬ್ಬಳ ಕೈಹಿಡಿದು, ಗದರದೆ, 'ಳ' ತಿದ್ದಿಸುತ್ತಿದ್ದಳು.

ಕುಣಿಗಲ್ಲಿನ ಸೋದರತ್ತೆ ಫೋನಿನಲ್ಲಿ, "ಬಸ್ಸಲ್ಲಿ ತೂಕಡಿಸೋ ಕೂಸಿಗೆ ಯಾವ ಭಾಷೆ ಆದರೇನೋ?" ಎಂದರು.

ಮೂರನೆಯ ತರಗತಿಯವರೆಗೆ ಇಲ್ಲೇ ಓದಲಿ, ಆಮೇಲೆ ಬೇಕಾದರೆ ಬಸ್ಸು ಹತ್ತಲಿ ಎಂದೆ. ತಂಗಿ ಒಪ್ಪಿದಳು, ಒಂದು ಷರತ್ತಿನ ಮೇಲೆ: ಭಾನುವಾರ ಭಾನುವಾರ ಗುಬ್ಬಿಗೆ ಬಂದು ಇಂಗ್ಲಿಷ್ ಹೇಳಿಕೊಡುವ ಹೊಣೆ ಕನ್ನಡದ ಮೇಷ್ಟ್ರದೇ.