ಅವ್ವನ ಕಣ್ಣು, ಸ್ಟುಡಿಯೋದ ಸುಣ್ಣ

ಭಾಲ್ಕಿಯಲ್ಲಿ ಬಿ.ಎ. ಮುಗಿಸಿದ ವರ್ಷ ನಾವು ಅಲ್ಲಿನದೇ ಒಂದು ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡೆವು. ಕರಿ ಗೌನು ಸ್ಟುಡಿಯೋದವರದು, ಕೈಯಾಗಿನ ಕಾಗದದ ಸುರುಳಿಯೂ ಅವರದೇ. ನಮ್ಮದು ಅಂತ ಇದ್ದದ್ದು ಮುಖ ಒಂದೇ. ಕಂಪ್ಯೂಟರಿನ ಮುಂದೆ ಕೂತ ಹುಡುಗ, "ಸ್ವಲ್ಪ ಫೇರ್ ಮಾಡ್ತೀನ್ರಿ ಸರ್" ಅಂದ. ನಾವು ಬ್ಯಾಡ ಅನ್ನಲಿಲ್ಲ.

ಆ ಫೋಟೋ ಔರಾದ ತಾಲೂಕಿನ ನಮ್ಮ ಊರಿಗೆ ಬಂದು, ಕೇರಿಯ ಮನೆಯ ಗ್ವಾಡಿಗೆ, ಬಾಬಾಸಾಹೇಬರ ಪಟದ ಪಕ್ಕಕ್ಕೆ ಏರಿತು. ನಮ್ಮ ಮನೆತನದಾಗ ಅದೇ ಮೊದಲ ಡಿಗ್ರಿ. ಅವ್ವ ದಿನಾ ಸೆರಗಿನಿಂದ ಅದರ ಗಾಜು ಒರೆಸುತ್ತಿದ್ದಳು. "ನನ್ ಮಗ ಹ್ಯಾಂಗ್ ಕಾಣ್ತಾನ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಆಗಲೇ ಅವಳ ಎರಡೂ ಕಣ್ಣಿನಾಗ ಮೋತಿಬಿಂದು ಇತ್ತು. ನಮಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಬ್ಯಾಳ್ಯಾಗ ಹಳ್ಳು ಉಳಿಯತೊಡಗಿದ ಮೇಲೆ, "ಮಂಜ್ ಬಿದ್ದಂಗ ಆಗ್ಯಾದ ತಮ್ಮಾ" ಅಂದಳು.

ಮೋತಿಬಿಂದು ಅಂದರೆ ಕಣ್ಣಿನ ಮೇಲೆ ಬೆಳೆಯುವ ಪೊರೆ ಎಂದೇ ಊರಲ್ಲಿ ತಿಳಿದಿದ್ದಾರೆ. ಹಾಗಲ್ಲ. ಪಾಪೆಯ ಹಿಂದಿರುವ ಮಸೂರವೇ ಮಬ್ಬಾಗುತ್ತದೆ. ವಯಸ್ಸು, ಬಿಸಿಲು, ಒಲೆಯ ಹೊಗೆ ಇವು ಸೇರಿ ಅದರೊಳಗಿನ ಪ್ರೋಟೀನನ್ನು ಕೆಡಿಸುತ್ತವೆ. ಮೊದಲು ಹಳದಿ, ಆಮೇಲೆ ಕಂದು. ಹಳದಿ ಮಸೂರ ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ. ಕಪ್ಪು-ಬಿಳುಪಿನ ಕಾಲದ ಫೋಟೋಗ್ರಾಫರರು ಕ್ಯಾಮೆರಾದ ಮುಂದೆ ಹಳದಿ ಫಿಲ್ಟರ್ ಇಟ್ಟು ನೀಲಿ ಆಕಾಶವನ್ನು ದಟ್ಟಗೆ ಮಾಡುತ್ತಿದ್ದರಲ್ಲ, ಅದೇ ಲೆಕ್ಕ. ಅವರು ಬೇಡವಾದಾಗ ಫಿಲ್ಟರ್ ತೆಗೆದಿಡುತ್ತಿದ್ದರು. ಅವ್ವನಿಗೆ ಅದು ತನ್ನ ಕಣ್ಣಿನಾಗ ಇದ್ದದ್ದೇ ತಿಳಿಯಲಿಲ್ಲ. ಯಾಕೆಂದರೆ ಮಿದುಳು ಕೂಡ ಡಿಜಿಟಲ್ ಕ್ಯಾಮೆರಾದ ಹಾಗೇ ‘ವೈಟ್ ಬ್ಯಾಲೆನ್ಸ್’ ಮಾಡುತ್ತದೆ: ಇದು ಬಿಳಿ ಇರಬೇಕು ಎಂದು ಒಂದನ್ನು ಹಿಡಿದುಕೊಂಡು, ಉಳಿದ ಬಣ್ಣಗಳನ್ನೆಲ್ಲ ಅದರ ತಕ್ಕಂತೆ ಸರಿಸುತ್ತದೆ. ಮಸೂರ ದಿನಕ್ಕಿಷ್ಟು ಹಳದಿಯಾದರೆ ಮಿದುಳೂ ದಿನಕ್ಕಿಷ್ಟು ಸರಿಸಿಕೊಳ್ಳುತ್ತದೆ. ಕಳಕೊಂಡವರಿಗೆ ಕಳಕೊಂಡದ್ದು ತಿಳಿಯುವುದಿಲ್ಲ.

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆಗೂ ಇದೇ ಆಗಿತ್ತು. ಅವನ ಕೊಳದ ಚಿತ್ರಗಳು ಕೆಂಪು, ಕಂದು ಬಣ್ಣಕ್ಕೆ ತಿರುಗಿದವು. 1923ರಲ್ಲಿ ಒಂದು ಕಣ್ಣಿಗೆ ಆಪರೇಷನ್ ಆದ ಮೇಲೆ ಎಲ್ಲಾ ನೀಲಿ ಕಾಣುತ್ತದೆ ಎಂದು ಗೋಳಾಡಿದ. ಅವನ ಕಣ್ಣಿನ ಬಗ್ಗೆ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ತೊಗರಿ ಕೊಯ್ಯುವ ನಮ್ಮವ್ವನ ಕಣ್ಣಿನ ಬಗ್ಗೆ ದವಾಖಾನೆಯ ಒಂದು ಚೀಟಿ ಇದೆ. ಅದರಲ್ಲೂ ಹೆಸರು ತಪ್ಪು.

ಆಪರೇಷನ್ ಬೀದರಿನಲ್ಲಿ ಆಯಿತು, ಒಂದೇ ಕಣ್ಣಿಗೆ. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಆಟೋದಲ್ಲಿ ಬರುವಾಗ ಗವಾನನ ಮದರಸಾ ಎದುರಾಯಿತು. 1472ರ ಕಟ್ಟಡ. ಅದರ ಮೇಲಿನ ಹೆಂಚುಗಳು ಬಹಳಷ್ಟು ಉದುರಿವೆ, ಅಲ್ಲಲ್ಲಿ ಉಳಿದಿವೆ. ಅವ್ವ ಆಟೋ ನಿಲ್ಲಿಸಿದಳು.

"ಈ ನೀಲಿ ಯಾವಾಗ ಹಚ್ಚ್ಯಾರ?"

"ಐದ್ನೂರು ವರ್ಷ ಆಗ್ಯಾವ ಯವ್ವಾ."

ಅವಳು ನಂಬಲಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. "ಈ ಹಳೇ ಕಣ್ಣಿಗಿ ಚಹಾ ಚೆಲ್ಲಿದಂಗ ಅದ" ಅಂದಳು.

ಊರಿಗೆ ಬಂದ ಮೇಲೆ ಗ್ವಾಡಿಯ ಮುಂದೆ ನಿಂತಳು. ಮೊದಲು ಬಾಬಾಸಾಹೇಬರ ಕೋಟು: "ಇಷ್ಟ್ ನೀಲಿ ಇತ್ತೇನ್ ತಮ್ಮಾ?" ಕೈ ಮುಗಿದಳು. ಆಮೇಲೆ ನಮ್ಮ ಫೋಟೋ. ಬಹಳ ಹೊತ್ತು ನೋಡಿದಳು.

"ಇವ ಯಾರ? ಮಾರಿಗಿ ಸುಣ್ಣ ಬಳ್ದಾರಲ್ಲೋ."

ಗೆಳೆಯರೇ, ಇಷ್ಟು ವರ್ಷ ಅವಳ ಕಂದುಗಟ್ಟಿದ ಮಸೂರ ನಮ್ಮ ಬಣ್ಣವನ್ನು ನಮಗೆ ವಾಪಸ್ ಕೊಡುತ್ತಿತ್ತು. ಸ್ಟುಡಿಯೋ ಕಳೆದದ್ದನ್ನು ಮೋತಿಬಿಂದು ಕೂಡಿಸುತ್ತಿತ್ತು.

ಆ ಹುಡುಗನನ್ನು ಬೈದು ಏನು ಉಪಯೋಗ? 1950ರ ದಶಕದಿಂದ ಅಮೆರಿಕದ ಕೊಡಾಕ್ ಕಂಪನಿ ಫೋಟೋ ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿತ್ತು. ಅದರ ಮೇಲೆ ಒಬ್ಬ ಬಿಳಿ ಹೆಂಗಸು. ಆಕೆಯ ಚರ್ಮ ಸರಿ ಬಂದರೆ ಬಣ್ಣವೆಲ್ಲ ಸರಿ ಬಂತು ಎಂದು ಲೆಕ್ಕ. ‘ಶರ್ಲಿ ಕಾರ್ಡು’ ಎಂದು ಅದರ ಹೆಸರು. ಕರಿಯರ ಮುಖ ಆ ಫಿಲ್ಮಿನಲ್ಲಿ ಕಣ್ಣು, ಹಲ್ಲು ಬಿಟ್ಟು ಕತ್ತಲಾಗುತ್ತಿತ್ತು. ಫಿಲ್ಮು ಸುಧಾರಿಸಿದ್ದಕ್ಕೆ ಒಂದು ಕಾರಣ ಚಾಕೊಲೇಟ್ ಮಾರುವವರು, ಮರದ ಕುರ್ಚಿ ಮಾರುವವರು ತಮ್ಮ ಮಾಲಿನ ಕಂದು ಬಣ್ಣ ಸರಿ ಬರುತ್ತಿಲ್ಲ ಎಂದು ದೂರಿದ್ದು. ಕೊಡಾಕಿನಲ್ಲಿ ದುಡಿದವರೇ ಹೀಗೆ ಹೇಳಿದ್ದನ್ನು ಕೆನಡಾದ ಲೋರ್ನಾ ರಾತ್ 2009ರಲ್ಲಿ ಬರೆದರು. ಮನುಷ್ಯರು ದೂರಿದ್ದು ಕೇಳಿಸಲಿಲ್ಲ, ಕುರ್ಚಿ ದೂರಿದ್ದು ಕೇಳಿಸಿತು. ಈಗಿನ ಮೊಬೈಲಿನಲ್ಲಿ ಯಾರನ್ನೂ ಕೇಳದೆ ಕೆನ್ನೆ ನುಣುಪು ಮಾಡುವ ಬ್ಯೂಟಿ ಮೋಡ್ ಆ ಕಾರ್ಡಿನ ಮರಿಮಗಳು.

ಬೀದರಿನಲ್ಲಿ ಕರಿ ಬಣ್ಣಕ್ಕೆ ಬೆಲೆ ಇಲ್ಲ ಅನ್ನುವ ಹಾಗಿಲ್ಲ. ಬಿದ್ರಿ ಹೂಜಿಯನ್ನು ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿದ ನೀರಿನಿಂದ ಕಪ್ಪು ಮಾಡುತ್ತಾರೆ. ಸತುವು ಕಪ್ಪಾಗುತ್ತದೆ, ಬೆಳ್ಳಿ ಆಗುವುದಿಲ್ಲ. ಆ ಕಪ್ಪಿಗೆ ಸಾವಿರಗಟ್ಟಲೆ ರೂಪಾಯಿ. ಹೂಜಿಯ ಮೇಲಿದ್ದರೆ ಮಾತ್ರ.

ಆದರೆ ಸುಣ್ಣ ಬಳಿಯುವಾಗ ಬ್ಯಾಡ ಅನ್ನದವರು ನಾವೇ. ಹೋರಾಟದ ಮೆರವಣಿಗೆಯಲ್ಲಿ ಘೋಷಣೆ ಕೂಗಿದ ಬಾಯಿ ಇದು, ಕಪ್ಪಿನ ಬಗ್ಗೆ ಪದ್ಯ ಕಟ್ಟಿದ ಕೈ ಇದು. ಆ ಫೋಟೋ ನಮಗೆ ಚೆಂದ ಕಂಡಿತ್ತು. ಕಣ್ಣು ಕೆಟ್ಟದ್ದು ಅವ್ವನದಷ್ಟೇ ಅಲ್ಲ.

ಅವ್ವ ಪಟದ ಕಡೆ ಮತ್ತೆ ಕೈ ಮಾಡಿ, "ಬಾಬಾಸಾಹೇಬ್ರಿಗೂ ಹಿಂಗೇ ಮಾಡ್ಯಾರಲ್ಲ" ಅಂದಳು. ನೋಡಿದೆವು. ಕ್ಯಾಲೆಂಡರಿನ ಬಣ್ಣದವನು ಗಲ್ಲಕ್ಕೆ ಗುಲಾಬಿ ಹಚ್ಚಿದ್ದ. ಹುಟ್ಟಿದಾಗಿಂದ ನಾವು ಆ ಪಟದ ಕೆಳಗೇ ಮಲಗಿದವರು.

ಮತ್ತೆ ಭಾಲ್ಕಿಗೆ ಹೋಗಿ ತಿದ್ದದ ಫೋಟೋ ಕೊಡು ಎಂದು ಕೇಳಿದೆವು. "ಅದು ಉಳಿಸಿಲ್ರಿ ಸರ್, ಅದರ ಮ್ಯಾಲೇ ಸೇವ್ ಆಗ್ಯಾದ" ಅಂದ.

ಇನ್ನೊಂದು ಕಣ್ಣಿಗೆ ದವಾಖಾನೆಯವರು ತಾರೀಖು ಕೊಟ್ಟಾರ. "ತೊಗರಿ ರಾಶಿ ಮುಗೀಲಿ" ಎಂದು ಅವ್ವ ಮುಂದೆ ಹಾಕುತ್ತಿದ್ದಾಳೆ. ಮನೆಗೆ ಬಂದವರಿಗೆ ಈಗಲೂ ಫೋಟೋ ತೋರಿಸುತ್ತಾಳೆ. ತೋರಿಸುವಾಗ ಆಪರೇಷನ್ ಆದ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಾಳೆ.